ಕಂಕನಾಡಿಯ ಕಾರುಣ್ಯಮೂರ್ತಿ ಫಾದರ್ ಮುಲ್ಲರ್

ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಹೆಸರನ್ನು ಕೇಳದ ಕ್ರೈಸ್ತ ಕುಟುಂಬ ನಮ್ಮ ಕರಾವಳಿಯಲ್ಲಿ ವಿರಳ. ಆದರೆ ಆ ಹೆಸರನ್ನು ಹೊತ್ತಿದ್ದ ಗುರುಗಳ ಬಾಳನ್ನು ನಾವು ಎಷ್ಟರಮಟ್ಟಿಗೆ ಬಲ್ಲೆವು?

ಆಗಸ್ಟಸ್ ಮುಲ್ಲರ್ 1841ರ ಮಾರ್ಚ್ 13ರಂದು ಜರ್ಮನಿಯಲ್ಲಿ ಜನಿಸಿದರು. ಯೇಸು ಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. ಮಂಗಳೂರು ಮಿಷನ್ನಿನ ಹೊಣೆ ಹೊತ್ತ ಯೇಸು ಸಭೆಯ ಮೊದಲ ತಂಡದೊಡನೆ 1878ರ ಡಿಸೆಂಬರ್ 31ರಂದು ಈ ನೆಲದಲ್ಲಿ ಕಾಲಿರಿಸಿದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರಿಗೆ ಹೋಮಿಯೋಪಥಿಯ ಪರಿಚಯವಿತ್ತು. 1880ರಲ್ಲಿ ಕಂಕನಾಡಿಯ ಆಲದ ಮರದ ನೆರಳಿನಲ್ಲಿ ಅವರು ಬಡವರಿಗೆ ಔಷಧ ನೀಡತೊಡಗಿದರು. ಇಂದಿನ ಬೃಹತ್ ಸಂಸ್ಥೆಯ ಬೀಜ ಬಿದ್ದುದು ಅಲ್ಲಿಯೇ.

ಔಷಧ ಅರಸಿ ಬಂದವರಲ್ಲಿ ಕುಷ್ಠರೋಗಿಗಳೂ ಇದ್ದರು. ಆ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿಯೇ ಗುರುತಿಸಿದ್ದರೂ, ಪರಿಣಾಮಕಾರಿ ಔಷಧ ದೊರೆತದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ಮನೆಯೂ ಊರೂ ಹೊರದೂಡಿದ ರೋಗಿಗೆ ಬೀದಿಯೇ ಗತಿ. 1890ರಲ್ಲಿ ಮುಲ್ಲರ್ ಅವರಿಗಾಗಿ ಸಂತ ಜೋಸೆಫರ ಹೆಸರಿನ ಆಶ್ರಯಧಾಮವನ್ನು ತೆರೆದರು. ಸಾಮಾನ್ಯ ರೋಗಿಗಳ ಆಸ್ಪತ್ರೆ ಆರಂಭವಾದುದು ಬಳಿಕ, 1895ರಲ್ಲಿ. 1902ರಲ್ಲಿ ಪ್ಲೇಗ್ ರೋಗಿಗಳಿಗೂ ಪ್ರತ್ಯೇಕ ಚಿಕಿತ್ಸಾಲಯ ಸಿದ್ಧವಾಯಿತು.

ಈ ಕ್ರಮವನ್ನು ನಾವು ಗಮನಿಸಬೇಕು. ಗುಣವಾಗುವವರಿಗಿಂತ ಮುಂಚೆ ಗುಣವಾಗದವರಿಗೆ ಸೂರು ದೊರೆಯಿತು. ಪ್ರಯೋಜನವೊಂದೇ ಸೇವೆಯ ಅಳತೆಗೋಲಾಗಿದ್ದರೆ ಆ ಆಶ್ರಯಧಾಮ ಹುಟ್ಟುತ್ತಲೇ ಇರಲಿಲ್ಲ. ಮನುಷ್ಯನ ಬೆಲೆ ಅವನ ಆರೋಗ್ಯದಲ್ಲಿಲ್ಲ, ದೇವರ ಪ್ರತಿರೂಪವಾಗಿರುವುದರಲ್ಲಿದೆ ಎಂಬ ತತ್ತ್ವವನ್ನು ಅವರು ಗ್ರಂಥದಲ್ಲಿ ಬರೆಯಲಿಲ್ಲ, ಗೋಡೆ ಮಾಡುಗಳಲ್ಲಿ ಕಟ್ಟಿ ತೋರಿಸಿದರು.

1910ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ದಿನ, ತಮ್ಮ 69ನೆಯ ವಯಸ್ಸಿನಲ್ಲಿ ಅವರು ದೈವಾಧೀನರಾದರು. ಅವರು ನೆಟ್ಟ ಸಸಿ ಮಾತ್ರ ಬೆಳೆಯುತ್ತಲೇ ಹೋಯಿತು. 1985ರಲ್ಲಿ ಹೋಮಿಯೋಪಥಿ ವೈದ್ಯಕೀಯ ಕಾಲೇಜು, 1999ರಲ್ಲಿ ವೈದ್ಯಕೀಯ ಕಾಲೇಜು ಆರಂಭಗೊಂಡವು. ದಾದಿಯರ ಶಿಕ್ಷಣವೂ ಇಲ್ಲಿ ನಡೆಯುತ್ತಿದೆ. ಸಾವಿರಕ್ಕೂ ಮಿಕ್ಕಿದ ಹಾಸಿಗೆಗಳ ಈ ಆಸ್ಪತ್ರೆಗೆ ಜಾತಿ ಮತಗಳ ಭೇದವಿಲ್ಲದೆ ಜನರು ಬರುತ್ತಾರೆ.

ನಮ್ಮ ಮಕ್ಕಳು ವೈದ್ಯರೂ ದಾದಿಯರೂ ಆಗಬೇಕೆಂದು ನಾವು ಹಂಬಲಿಸುತ್ತೇವೆ. ಅದು ತಪ್ಪಲ್ಲ. ಆದರೆ ಯಂತ್ರಗಳೂ ಪದವಿಗಳೂ ಹೆಚ್ಚಿದಂತೆ, ಕೈಯಲ್ಲಿ ಕಾಸಿಲ್ಲದೆ ಬಾಗಿಲಲ್ಲಿ ನಿಂತವನು ಅವರ ಕಣ್ಣಿಗೆ ಬೀಳುವನೇ? ಈ ಪ್ರಶ್ನೆಗೆ ಉತ್ತರ ಸಿದ್ಧವಾಗುವುದು ಕಾಲೇಜಿನಲ್ಲಿ ಮಾತ್ರವಲ್ಲ, ನಮ್ಮ ಮನೆಗಳಲ್ಲಿ. ಮಕ್ಕಳನ್ನು ಓದಿಗೆ ಕಳುಹಿಸುವ ಮುನ್ನ, ಆಲದ ಮರದಡಿಯಲ್ಲಿ ಕುಳಿತಿದ್ದ ಆ ಗುರುಗಳ ಕಥೆಯನ್ನು ಅವರಿಗೆ ಹೇಳೋಣ.