ಮೇಣದ ಎರಕ ಕಂಡುಹಿಡಿದದ್ದು ಚಾಲುಕ್ಯ ಸೋಮೇಶ್ವರನೇ?

ಅಲ್ಲ. ಮೊಹೆಂಜೊದಾರೊದ ಕಂಚಿನ ನರ್ತಕಿ ಅವನಿಗಿಂತ ಸಾವಿರಾರು ವರ್ಷ ಹಳೆಯದು. ಅವನ ಹೆಗ್ಗಳಿಕೆಯೇ ಬೇರೆ.

ಆರನೇ ವಿಕ್ರಮಾದಿತ್ಯನ ಮಗ ಮೂರನೇ ಸೋಮೇಶ್ವರ ಸುಮಾರು 1126ರಲ್ಲಿ ಕಲ್ಯಾಣದ ಪಟ್ಟವೇರಿದ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ಸೀಮೆ ಚಾಲುಕ್ಯರದೇ; ಬಸವಣ್ಣ ಹುಟ್ಟಿದ್ದೂ ಆ ಕಾಲದ ಸುಮಾರಿಗೆ. ಓದು-ಬರಹದ ಈ ದೊರೆ ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ‘ಮಾನಸೋಲ್ಲಾಸ’ ರಚಿಸಿದ. ಅಡುಗೆ, ಆನೆ, ಸಂಗೀತದ ಜೊತೆ ಎರಕದ ವಿಧಾನವೂ ಅದರಲ್ಲಿದೆ.

ಮೇಣದ ಬೊಂಬೆಗೆ ನಳಿಗೆ ಜೋಡಿಸಿ, ಸುಟ್ಟ ಹೊಟ್ಟು, ಹತ್ತಿ, ಉಪ್ಪು ಬೆರೆಸಿದ ಮಣ್ಣನ್ನು ಮೂರು ಸಲ ಬಳಿದು ಒಣಗಿಸಬೇಕು. ಕಾಯಿಸಿದಾಗ ಮೇಣ ಕರಗಿ ಹೋಗುತ್ತದೆ. ಆ ಜಾಗಕ್ಕೆ ಲೋಹ ಹೊಯ್ಯಬೇಕು. ಬೆಳ್ಳಿಯಾದರೆ ಮೇಣದ ತೂಕದ 12 ಪಟ್ಟು. ಬೆಳ್ಳಿ ಮೇಣಕ್ಕಿಂತ ಸುಮಾರು 11 ಪಟ್ಟು ಭಾರ, ಹಾಗಾಗಿ ಲೋಹ ಕಡಿಮೆ ಬೀಳದು.

1138ರ ಸುಮಾರಿಗೆ ಅವನ ಆಳ್ವಿಕೆ ಮುಗಿಯಿತು. ಹಲ್ಲಿನ ಕ್ಯಾಪ್, ಉಂಗುರ, ಆಟದ ರೈಲಿನ ಪುಟ್ಟ ಬಿಡಿಭಾಗಗಳನ್ನು ಇಂದಿಗೂ ಹೀಗೆ ಎರೆಯುವುದುಂಟು.

ಫಾರ್ವರ್ಡ್ ಮಾಡುವ ಮುನ್ನ ‘ಕಂಡುಹಿಡಿದ’ ಎಂಬುದನ್ನು ‘ಬರೆದಿಟ್ಟ’ ಎಂದು ತಿದ್ದಿಬಿಡಿ.