ಮುಖ ತಿದ್ದಿದ ಮಹನೀಯ: ಸರ್ ಹೆರಾಲ್ಡ್ ಗಿಲೀಸ್

ಗುರುಗಳಿಂದ ವಿದ್ಯೆ ಕಲಿಯುವುದು ಒಂದು ಬಗೆ. ಶಾಲೆಯೇ ಇಲ್ಲದ ವಿದ್ಯೆಯನ್ನು ತಾನಾಗಿ ಕಲಿತು, ಅನಂತರ ಇತರರಿಗೆ ತಾನೇ ಶಾಲೆಯಾಗುವುದು ಇನ್ನೊಂದು ಬಗೆ. ಸುರೂಪ ಶಸ್ತ್ರಚಿಕಿತ್ಸೆಯ, ಎಂದರೆ ಪ್ಲಾಸ್ಟಿಕ್ ಸರ್ಜರಿಯ, ಆಚಾರ್ಯರಾದ ಸರ್ ಹೆರಾಲ್ಡ್ ಗಿಲೀಸರು ಈ ಎರಡನೆಯ ಬಗೆಗೆ ಸೇರಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ; ಅದರಿಂದಲೋ ಏನೋ, ಇವರ ಚರಿತ್ರೆ ನನ್ನ ಮನಸ್ಸನ್ನು ವಿಶೇಷವಾಗಿ ಸೆಳೆಯಿತು.

ಗಿಲೀಸರು 1882ರ ಜೂನ್ 17ರಂದು ನ್ಯೂಜಿಲೆಂಡಿನ ಡನೀಡಿನ್ ಪಟ್ಟಣದಲ್ಲಿ ಜನಿಸಿದರು. ಎಳೆವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರೂ ಬಡತನದ ಬೇಗೆ ಅವರಿಗೆ ತಟ್ಟಲಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಓದಿ, 1904ರ ಪ್ರಸಿದ್ಧ ದೋಣಿ ಪಂದ್ಯದಲ್ಲಿ ಹುಟ್ಟು ಹಾಕಿ, ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯಲ್ಲಿ ವೈದ್ಯಶಿಕ್ಷಣ ಪಡೆದರು. ಕಿವಿ, ಮೂಗು, ಗಂಟಲಿನ ವೈದ್ಯರಾಗಿ ಸುಖವಾಗಿ ಬಾಳಬಹುದಾಗಿದ್ದ ಕಾಲದಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು.

ಆ ಯುದ್ಧ ಕಂದಕಗಳ ಯುದ್ಧ. ಕಂದಕದಲ್ಲಿ ನಿಂತವನ ಮೈಗೆ ಮಣ್ಣಿನ ರಕ್ಷೆಯಿತ್ತು. ಮೇಲಕ್ಕೆತ್ತಿದ ತಲೆಗೆ ಇರಲಿಲ್ಲ. ದವಡೆ ಹಾರಿಹೋದವರು, ಮೂಗು ಕಳೆದುಕೊಂಡವರು ಸಾವಿರಾರು ಮಂದಿ. 1915ರಲ್ಲಿ ಫ್ರಾನ್ಸಿಗೆ ಹೋದ ಗಿಲೀಸರು, ವಾಲಾದಿಯೇ ಎಂಬ ದಂತವೈದ್ಯರು ಇಂಥ ದವಡೆಗಳನ್ನು ಸರಿಪಡಿಸುತ್ತಿದ್ದುದನ್ನು ಕಂಡರು. ಬಳಿಕ ಪ್ಯಾರಿಸ್ಸಿಗೆ ಹೋಗಿ, ಮೊರೆಸ್ತ್ಯಾಂ ಎಂಬ ಶಸ್ತ್ರವೈದ್ಯರು ಮುಖದ ಅರ್ಬುದವನ್ನು ತೆಗೆದು, ಆ ಗಾಯವನ್ನು ಪಕ್ಕದ ಚರ್ಮದಿಂದಲೇ ಮುಚ್ಚಿದುದನ್ನು ನೋಡಿದರು. ಅದೇ ಅವರಿಗೆ ದೀಕ್ಷೆಯಾಯಿತು. ಇನ್ನೊಮ್ಮೆ ಕಲಿಯಲು ಹೋದಾಗ ಆ ಬಾಗಿಲು ಅವರಿಗೆ ತೆರೆಯಲಿಲ್ಲ!

ಗಿಲೀಸರು ಎದೆಗುಂದಲಿಲ್ಲ. ಅಧಿಕಾರಿಗಳನ್ನು ಒಪ್ಪಿಸಿ 1916ರಲ್ಲಿ ಆಲ್ಡರ್‌ಷಾಟ್‌ನ ಸೈನಿಕ ಆಸ್ಪತ್ರೆಯಲ್ಲಿ ಒಂದು ವಿಭಾಗ ತೆರೆದರು. ಗಾಯಾಳುಗಳನ್ನು ತಮ್ಮಲ್ಲಿಗೇ ಕಳುಹಿಸಲೆಂದು ಸ್ವಂತ ಹಣದಿಂದ ವಿಳಾಸದ ಚೀಟಿಗಳನ್ನು ಕೊಂಡು ರಣರಂಗಕ್ಕೆ ಕಳುಹಿಸಿದರು. ಸೊಮ್ ಕದನದ ತರುವಾಯ ಇನ್ನೂರು ಜನರನ್ನು ನಿರೀಕ್ಷಿಸಿದ್ದಲ್ಲಿ ಸುಮಾರು ಎರಡು ಸಾವಿರ ಜನ ಬಂದರು. 1917ರಲ್ಲಿ ಸಿಡ್‌ಕಪ್ ಎಂಬಲ್ಲಿ ಇದಕ್ಕೆಂದೇ ಆಸ್ಪತ್ರೆಯೊಂದು ಎದ್ದಿತು. ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಯೋಧರಿಗೆ ಹನ್ನೊಂದು ಸಾವಿರಕ್ಕೂ ಮಿಕ್ಕಿದ ಶಸ್ತ್ರಕ್ರಿಯೆಗಳು ನಡೆದವು. ರೋಗಿಗಳ ಕೊಠಡಿಗಳಲ್ಲಿ ಕನ್ನಡಿ ಇಡುತ್ತಿರಲಿಲ್ಲ. ಅವರು ಕೂರುವ ಬೀದಿಬದಿಯ ಬೆಂಚುಗಳಿಗೆ ನೀಲಿ ಬಣ್ಣ ಬಳಿದಿದ್ದರು. ದಾರಿಹೋಕರು ಹಠಾತ್ತಾಗಿ ನೋಡಿ ಬೆಚ್ಚದಿರಲೆಂದು! ಪ್ರಾಣ ಉಳಿದರೂ ಮುಖ ಕಳೆದುಕೊಂಡವನ ಬಾಳು ಎಂಥದೆಂಬುದನ್ನು ವಾಚಕರೇ ಊಹಿಸಬಹುದು.

ಕಿತ್ತ ಚರ್ಮ ರಕ್ತವಿಲ್ಲದೆ ಬದುಕದು. 1917ರ ಅಕ್ಟೋಬರಿನಲ್ಲಿ, ಸುಟ್ಟ ಮುಖದ ನಾವಿಕನೊಬ್ಬನ ಎದೆಯಿಂದ ಎತ್ತಿದ ಚರ್ಮದ ಪಟ್ಟಿಯ ಅಂಚುಗಳು ಒಳಕ್ಕೆ ಸುರುಳಿಯಾಗುತ್ತಿದ್ದುದನ್ನು ಗಿಲೀಸರು ಗಮನಿಸಿ, ಅದನ್ನು ಕೊಳವೆಯಂತೆ ಹೊಲಿದರು. ಒಂದು ತುದಿ ಮೂಲದಲ್ಲೇ ಉಳಿದು ರಕ್ತವನ್ನು ಊಡಿತು. ಕೊಳವೆಯೊಳಗೆ ನಂಜು ಸೇರಲಿಲ್ಲ. ಒಡೆಸ್ಸಾದ ಫಿಲಾಟೊವ್ ಎಂಬ ವೈದ್ಯರೂ ಬೇರೆಯಾಗಿ ಇದೇ ಉಪಾಯವನ್ನು ಕಂಡುಕೊಂಡಿದ್ದರು. ಆದರೆ ಎಲ್ಲವೂ ಗೆಲುವಾಗಲಿಲ್ಲ. ತರುಣ ವೈಮಾನಿಕನೊಬ್ಬನ ಸುಟ್ಟ ಮುಖಕ್ಕೆ ಒಮ್ಮೆಲೇ ದೊಡ್ಡ ಚರ್ಮ ಹೊದಿಸಲು ಹೋದಾಗ ಅದು ಕೊಳೆತು, 1918ರಲ್ಲಿ ಅವನು ತೀರಿಕೊಂಡನು. ಅಂದಿನಿಂದ ಆತುರಪಡದೆ ಹಂತಹಂತವಾಗಿ ನಡೆಯುವುದೇ ಗಿಲೀಸರ ನಿಯಮವಾಯಿತು. ಸ್ವತಃ ಶಸ್ತ್ರವೈದ್ಯರಾಗಿದ್ದ ಹೆನ್ರಿ ಟಾಂಕ್ಸ್ ಎಂಬ ಚಿತ್ರಗಾರರಿಂದ ರೋಗಿಗಳ ಮುಖಗಳನ್ನು ಬರೆಯಿಸಿ, ತಾವೂ ಚಿತ್ರ ಬರೆಯುವುದನ್ನು ಅಭ್ಯಾಸಮಾಡಿದರು. ಈ ವೈದ್ಯನಿಗೆ ಕತ್ತಿಯಷ್ಟೇ ಕಣ್ಣೂ ಬೇಕೆಂದು ಅವರು ಅರಿತಿದ್ದರು.

ಈ ವಿದ್ಯೆಯ ಬೇರು ನಮ್ಮ ನೆಲದಲ್ಲೂ ಇದೆಯೆಂಬುದನ್ನು ಮರೆಯಲಾಗದು. ಹಣೆಯ ಚರ್ಮದಿಂದ ಮೂಗು ಕಟ್ಟುವ ಭಾರತೀಯ ಪದ್ಧತಿಯನ್ನು ಗಿಲೀಸರೂ ಬಳಸಿದರು. ಮೂರನೆಯ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕು ಮೂಗು ಕೊಯ್ಯಿಸಿಕೊಂಡ ಕಾವಸ್‌ಜಿ ಎಂಬ ಎತ್ತಿನಗಾಡಿಯವನಿಗೆ ಪುಣೆಯ ದೇಶೀಯ ವೈದ್ಯನೊಬ್ಬ ಹೊಸ ಮೂಗು ಕಟ್ಟಿದ ವರದಿ 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಬಂದ ಮೇಲೆ ಯುರೋಪಿನ ವೈದ್ಯರು ಆ ಪದ್ಧತಿಯನ್ನು ಅನುಸರಿಸತೊಡಗಿದ್ದರು.

ಯುದ್ಧ ಮುಗಿದ ಮೇಲೆ, 1920ರಲ್ಲಿ, ಗಿಲೀಸರು ತಮ್ಮ ಅನುಭವವನ್ನು ಗ್ರಂಥವಾಗಿ ಪ್ರಕಟಿಸಿದರು. 1930ರಲ್ಲಿ ಸರ್ ಪದವಿ ಪಡೆದರು. ಶಾಂತಿಕಾಲದಲ್ಲಿ ರೂಪ ತಿದ್ದಿಸಿಕೊಳ್ಳಲು ಬಂದವರಿಗೂ ಚಿಕಿತ್ಸೆ ಮಾಡಿದರು. ಇದು ಬರಿಯ ಶೋಕಿಯೆಂದು ಹಳಿದವರುಂಟು. ಆದರೆ ವಿಕಾರವೆನಿಸಿದ ಮೂಗಿನಿಂದ ನಾಲ್ಕು ಜನರೆದುರು ತಲೆ ಎತ್ತಲಾರದವನ ನೋವು ನೋವಲ್ಲವೆ? ಈ ಪ್ರಶ್ನೆಗೆ ನಾನಂತೂ ಗಿಲೀಸರ ಪಕ್ಷ.

ಅವರ ನಿಜವಾದ ಹಿರಿಮೆಯನ್ನು ನಾನು ಕಾಣುವುದು ಮತ್ತೊಂದರಲ್ಲಿ. ಮುಚ್ಚಿದ ಬಾಗಿಲನ್ನು ಕಂಡಿದ್ದ ಅವರು ತಮ್ಮ ಬಾಗಿಲನ್ನು ತೆರೆದೇ ಇಟ್ಟರು. ಸಿಡ್‌ಕಪ್ಪಿನಲ್ಲಿ ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್, ಅಮೆರಿಕಗಳ ವೈದ್ಯರು ಕೆಲಸ ಮಾಡಿ ಕಲಿತರು. ಎರಡನೆಯ ಮಹಾಯುದ್ಧ ಬಂದಾಗ ಬ್ರಿಟನ್ನಿನಲ್ಲಿ ಈ ವಿದ್ಯೆಗೇ ಮೀಸಲಾಗಿದ್ದವರು ನಾಲ್ವರೇ: ಗಿಲೀಸ್, ಕಿಲ್ನರ್, ಮೆಕಿಂಡೋ, ಮೌಲೆಮ್. ಉಳಿದ ಮೂವರೂ ಗಿಲೀಸರ ಬಳಿ ಪಳಗಿದವರೇ. ಅವರು ಮತ್ತೆ ಹಲವರನ್ನು ತಯಾರುಮಾಡಿದರು.

1960ರ ಆಗಸ್ಟಿನಲ್ಲಿ, 78ನೆಯ ವಯಸ್ಸಿನಲ್ಲಿ, ತರುಣಿಯೊಬ್ಬಳ ಕಾಲಿಗೆ ಶಸ್ತ್ರಕ್ರಿಯೆ ನಡೆಸುತ್ತಿದ್ದಾಗಲೇ ಅವರಿಗೆ ಮಿದುಳಿನ ಆಘಾತವಾಯಿತು. ಸೆಪ್ಟೆಂಬರ್ 10ರಂದು ನಿಧನರಾದರು. ಇಂದು ನಮ್ಮ ದೇಶದಲ್ಲಿ ಈ ವೃತ್ತಿಯನ್ನು ಬಯಸುವವರು ಸಾಮಾನ್ಯವಾಗಿ ಎಂ.ಬಿ.ಬಿ.ಎಸ್., ಎಂ.ಎಸ್. ಮುಗಿಸಿ, ಮತ್ತೆ ಮೂರು ವರ್ಷ ಎಂ.ಸಿಎಚ್. ಓದುತ್ತಾರೆ. ಅವರಿಗೆ ಪಠ್ಯವಿದೆ, ಪರೀಕ್ಷೆಯಿದೆ, ಕೈಹಿಡಿದು ನಡೆಸುವ ಗುರುಗಳಿದ್ದಾರೆ. ಗಿಲೀಸರಿಗೆ ಇವಾವುವೂ ಇರಲಿಲ್ಲ. ಮೊದಲಿಗನಾದವನು ತಾನು ಮೇಲೇರಿದರೆ ಸಾಲದು, ಏಣಿಯನ್ನು ಹಿಂದೆ ಬರುವವರಿಗಾಗಿ ಅಲ್ಲಿಯೇ ಬಿಡಬೇಕು ಎಂಬುದನ್ನು ಅವರು ಬಾಳಿ ತೋರಿಸಿದರು.