ಚೆರ್ರಿಪಿಕರ್ಸ್ ಊರಿನ ಹುಡುಗ

ಲಿವರ್‌ಪೂಲ್ ಪಂದ್ಯ ಇದ್ದ ರಾತ್ರಿ ಹಾಸ್ಟೆಲ್ ರೂಮುಗಳಲ್ಲಿ ಬೇಗ ದೀಪ ಆರುವುದಿಲ್ಲ. ಕೆಂಪು ಜೆರ್ಸಿ, ತುಂಬಿ ತುಳುಕುವ ಆ್ಯನ್‌ಫೀಲ್ಡ್ ಮೈದಾನ, ಒಂದೇ ದನಿಯಲ್ಲಿ ಹಾಡುವ ಸಾವಿರಾರು ಜನ. ಈ ವೈಭವಕ್ಕೆ ಅಡಿಪಾಯ ಹಾಕಿದವರು ಬಿಲ್ ಶ್ಯಾಂಕ್ಲಿ. ಆದರೆ ಅವರು ಚೆಂಡು ಒದೆಯಲು ಕಲಿತದ್ದು ಸ್ಕಾಟ್ಲೆಂಡಿನ ಒಂದು ಕಲ್ಲಿದ್ದಲು ಹಳ್ಳಿಯಲ್ಲಿ. ಆ ಹಳ್ಳಿ ಇವತ್ತು ಇಲ್ಲ. ಅಲ್ಲಿದ್ದ ಫುಟ್‌ಬಾಲ್ ಕ್ಲಬ್ ಕೂಡ ಇಲ್ಲ. ಶ್ಯಾಂಕ್ಲಿ ತೀರಿಕೊಂಡು ನಾಲ್ಕು ದಶಕಗಳೇ ಕಳೆದಿವೆ. ಆದರೂ ಸಣ್ಣ ಊರಿನಿಂದ ಬಂದು ಕೆಲಸ ಹುಡುಕುತ್ತಿರುವ ನಮ್ಮಂಥವರು ಒಮ್ಮೆ ಓದಿಕೊಳ್ಳಬೇಕಾದ ಬದುಕು ಅವರದು.

ಗಣಿ ಮತ್ತು ಮೈದಾನ

ವಿಲಿಯಂ ಶ್ಯಾಂಕ್ಲಿ ಹುಟ್ಟಿದ್ದು 1913ರ ಸೆಪ್ಟೆಂಬರ್ 2ರಂದು, ಐರ್‌ಶೈರ್ ಪ್ರಾಂತ್ಯದ ಗ್ಲೆನ್‌ಬಕ್‌ನಲ್ಲಿ. ಹೆಚ್ಚೆಂದರೆ ಸಾವಿರದ ಆಸುಪಾಸು ಜನರಿದ್ದ ಊರು. ಗಣಿ ಬಿಟ್ಟರೆ ಬೇರೆ ದುಡಿಮೆ ಇರಲಿಲ್ಲ. ಮನೆಯಲ್ಲಿ ಹತ್ತು ಮಕ್ಕಳು, ಐದು ಗಂಡು, ಐದು ಹೆಣ್ಣು. ಗಂಡುಮಕ್ಕಳಲ್ಲಿ ಬಿಲ್ ಎಲ್ಲರಿಗಿಂತ ಕಿರಿಯವರು. ತಂದೆ ಮೊದಲು ಅಂಚೆಯಣ್ಣ, ಆಮೇಲೆ ಬಟ್ಟೆ ಹೊಲಿಯುವ ದರ್ಜಿ. ಅಲೆಕ್, ಜಿಮ್ಮಿ, ಜಾನ್, ಬಾಬ್, ಬಿಲ್ ಈ ಐವರೂ ಮುಂದೆ ಫುಟ್‌ಬಾಲನ್ನೇ ವೃತ್ತಿ ಮಾಡಿಕೊಂಡರು.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಸುಮಾರು ಐವತ್ತು ವರ್ಷಗಳ ಅವಧಿಯಲ್ಲಿ ಇಷ್ಟು ಚಿಕ್ಕ ಊರಿನಿಂದ 50ರಷ್ಟು ಆಟಗಾರರು ವೃತ್ತಿಪರ ಕ್ಲಬ್‌ಗಳನ್ನು ಸೇರಿದರು. ಅವರಿಗೆಲ್ಲ ಪಾಠಶಾಲೆಯಾಗಿದ್ದು ಊರಿನ ಸ್ವಂತ ಕ್ಲಬ್ಬು. ಮೊದಲು ಅದರ ಹೆಸರು ಗ್ಲೆನ್‌ಬಕ್ ಅಥ್ಲೆಟಿಕ್. ಆಮೇಲೆ ಗ್ಲೆನ್‌ಬಕ್ ಚೆರ್ರಿಪಿಕರ್ಸ್ ಎಂಬ ವಿಚಿತ್ರ ಹೆಸರು ಅಂಟಿಕೊಂಡಿತು. ಅವರ ಮೈದಾನ ಬರ್ನ್‌ಸೈಡ್ ಪಾರ್ಕ್, ಹೆಸರೇ ಹೇಳುವಂತೆ ಹಳ್ಳದ ದಂಡೆಯದು. ವಾರವಿಡೀ ಭೂಮಿಯ ಹೊಟ್ಟೆಯೊಳಗೆ ಕತ್ತಲಲ್ಲಿ ದುಡಿದವರಿಗೆ ಶನಿವಾರ ಮಧ್ಯಾಹ್ನ ಬಯಲಲ್ಲಿ ಓಡುವ ಆ ಒಂದೂವರೆ ಗಂಟೆ ಎಂಥದ್ದಿರಬೇಕು, ನೀವೇ ಊಹಿಸಿ.

ಸ್ಕಾಟ್ಲೆಂಡಿನಲ್ಲಿ ಜೂನಿಯರ್ ಫುಟ್‌ಬಾಲ್ ಎಂದರೆ ಚಿಕ್ಕ ಹುಡುಗರ ಆಟ ಎಂದು ತಿಳಿಯಬಾರದು. ಅದು ದೊಡ್ಡ ಲೀಗ್‌ಗಳ ಹೊರಗಿದ್ದ ಊರು, ಕೇರಿ, ಗಣಿಗಳ ಕ್ಲಬ್‌ಗಳ ಆಟ. 1886ರಲ್ಲಿಯೇ ಅವಕ್ಕೆ ತಮ್ಮದೇ ಆದ ಸಂಸ್ಥೆ, ತಮ್ಮದೇ ಕಪ್ ಇದ್ದವು. ಅವುಗಳ ಮೈದಾನಗಳಲ್ಲಿ ಕೂರಲು ಕುರ್ಚಿ ಸಿಗುವುದೇ ಅಪರೂಪ. ಗೆರೆಯ ಪಕ್ಕ ಒಂದು ಕಂಬಿ, ಅದರಾಚೆ ಮಣ್ಣಿನ ದಿಬ್ಬ, ಮಳೆ ಬಂದರೆ ಒಂದು ತಗಡಿನ ಚಾವಣಿ ಇದ್ದರೆ ಅದೇ ಪುಣ್ಯ. ಬರುವ ಜನ ನೂರರ ಲೆಕ್ಕದಲ್ಲಿ. ಆದರೆ ಪ್ರತಿಯೊಬ್ಬರಿಗೂ ಆಟಗಾರನ ಮನೆ ಗೊತ್ತು, ಅವನ ಅಪ್ಪ ಯಾವ ಪಾಳಿಯಲ್ಲಿ ಗಣಿಗಿಳಿಯುತ್ತಾನೆ ಎನ್ನುವುದೂ ಗೊತ್ತು. ಸೋತರೆ ಸೋಮವಾರ ಅವರ ಜೊತೆಗೇ ಕೆಲಸಕ್ಕೆ ಹೋಗಬೇಕು. ಇಂಥ ಕಡೆ ಕಾಟಾಚಾರಕ್ಕೆ ಆಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಈ ಆಟ ಎಷ್ಟು ಎತ್ತರಕ್ಕೆ ಹೋಗಬಲ್ಲದು ಎನ್ನುವುದಕ್ಕೆ ಗ್ಲೆನ್‌ಬಕ್‌ನವರಿಗೆ ಕಣ್ಣೆದುರೇ ಉದಾಹರಣೆ ಇತ್ತು. 1901ರಲ್ಲಿ ಟಾಟನ್‌ಹ್ಯಾಮ್ ಹಾಟ್‌ಸ್ಪರ್ ಕ್ಲಬ್ ಇಂಗ್ಲೆಂಡಿನ ಎಫ್.ಎ. ಕಪ್ ಗೆದ್ದಿತು. ಆಗ ಅದು ಫುಟ್‌ಬಾಲ್ ಲೀಗ್‌ನ ಸದಸ್ಯನೇ ಅಲ್ಲ. ಲೀಗ್ ಶುರುವಾದ ಮೇಲೆ ಅದರ ಹೊರಗಿನ ಕ್ಲಬ್ಬೊಂದು ಆ ಕಪ್ ಎತ್ತಿದ್ದು ಅದೊಂದೇ ಸಲ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ನೋಡಿದ ಆ ಫೈನಲ್ 2-2ರಲ್ಲಿ ಸಮವಾಯಿತು. ಎರಡೂ ಗೋಲು ಹೊಡೆದ ಸ್ಯಾಂಡಿ ಬ್ರೌನ್ ಹಾಗೂ ರಕ್ಷಣೆಯಲ್ಲಿ ನಿಂತ ಸ್ಯಾಂಡಿ ಟೇಟ್ ಇಬ್ಬರೂ ಗ್ಲೆನ್‌ಬಕ್‌ನವರು.

ಕೆಲಸ ಹೋದ ದಿನಗಳು

ಹದಿನಾಲ್ಕರ ವಯಸ್ಸಿಗೆ ಶಾಲೆ ಬಿಟ್ಟ ಬಿಲ್ ಅಣ್ಣ ಬಾಬ್ ಜೊತೆ ಗಣಿಗೆ ಹೋದರು. ಮೊದಲು ಮೇಲೆ ವ್ಯಾಗನ್ ಖಾಲಿ ಮಾಡುವ ಕೆಲಸ, ಆಮೇಲೆ ಕೆಳಗೆ. ಎರಡು ವರ್ಷ ಆಗುವಷ್ಟರಲ್ಲಿ ಗಣಿ ಮುಚ್ಚಿತು. ಹುಡುಗ ಮನೆಯಲ್ಲಿ ಕುಳಿತ. ಪ್ರಪಂಚವನ್ನೇ ಆರ್ಥಿಕ ಕುಸಿತ ಹಿಡಿದು ಅಲ್ಲಾಡಿಸುತ್ತಿದ್ದ ಕಾಲ ಅದು. ಸುತ್ತಲಿನ ಊರುಗಳಲ್ಲೂ ಕೆಲಸ ಇಲ್ಲ.

ಊರ ಕ್ಲಬ್ಬಿಗೆ ಆಡುವ ಆಸೆಯೂ ಕೈಗೂಡಲಿಲ್ಲ. ಚೆರ್ರಿಪಿಕರ್ಸ್ ತಂಡದವರು ಹದಿನಾರರ ಬಿಲ್‌ನನ್ನು ಪರೀಕ್ಷಿಸಿ ನೋಡಿದ್ದರು, ವಯಸ್ಸು ಸಾಲದು ಎಂದುಕೊಂಡರು. ಅವನು ಬೆಳೆಯುವಷ್ಟರಲ್ಲಿ ಕ್ಲಬ್ಬೇ ನಿಂತುಹೋಯಿತು. ಗಣಿ ಹೋದ ಮೇಲೆ ಊರಿನಲ್ಲಿ ಕ್ಲಬ್ ಉಳಿಯುವುದಾದರೂ ಹೇಗೆ? ಬಿಲ್ ಸೈಕಲ್ ಹತ್ತಿದ. ಕಮ್‌ನಾಕ್ ಪಟ್ಟಣದ ಕಡೆ ಇದ್ದ ಕ್ರೊನ್‌ಬೆರಿ ಎಗ್ಲಿಂಟನ್ ಎಂಬ ಜೂನಿಯರ್ ಕ್ಲಬ್ಬಿಗೆ ಮೈಲಿಗಟ್ಟಲೆ ಪೆಡಲ್ ತುಳಿದು ಹೋಗಿ ಆಡಿ, ಮತ್ತೆ ಪೆಡಲ್ ತುಳಿದು ಮನೆಗೆ ಬರುತ್ತಿದ್ದ. ಅಲ್ಲಿ ಒಂದು ಸೀಸನ್ ಪೂರ್ತಿ ಆಡುವ ಮೊದಲೇ ಇಂಗ್ಲೆಂಡಿನ ಗಡಿಯಂಚಿನ ಕಾರ್ಲೈಲ್ ಯುನೈಟೆಡ್ ಅವನನ್ನು ಕರೆಯಿತು. ಅದು 1932.

ಒಂದೇ ವರ್ಷದಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ 500 ಪೌಂಡ್ ಕೊಟ್ಟು ಅವರನ್ನು ಕೊಂಡಿತು. ಸಂಬಳದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣದೆ ಬಿಲ್ ಮೊದಲು ಹಿಂದೇಟು ಹಾಕಿದ್ದರು. ಇವತ್ತಿನ ಸಂಬಳ ನೋಡಬೇಡ, ನಾಳೆಯ ದಾರಿ ನೋಡು ಎಂಬರ್ಥದಲ್ಲಿ ಬುದ್ಧಿ ಹೇಳಿದ್ದು ಅಣ್ಣ ಅಲೆಕ್. 1938ರಲ್ಲಿ ವೆಂಬ್ಲಿಯಲ್ಲಿ 93 ಸಾವಿರಕ್ಕೂ ಹೆಚ್ಚು ಜನರ ಮುಂದೆ ಪ್ರೆಸ್ಟನ್ ಎಫ್.ಎ. ಕಪ್ ಗೆದ್ದಾಗ ಬಿಲ್ ತಂಡದಲ್ಲಿದ್ದರು. ಅದೇ ವರ್ಷ ಸ್ಕಾಟ್ಲೆಂಡ್ ತಂಡಕ್ಕೂ ಆಯ್ಕೆಯಾದರು. ಮರುವರ್ಷ ಮಹಾಯುದ್ಧ ಬಂತು. ಅವರು ವಾಯುಪಡೆ ಸೇರಿದರು. ಆಟಗಾರನ ಬದುಕಿನ ಅತ್ಯುತ್ತಮ ಆರೇಳು ವರ್ಷಗಳು ಹಾಗೇ ಕಳೆದುಹೋದವು. ಯುದ್ಧ ಮುಗಿಯುವಾಗ ಅವರಿಗೆ ಮೂವತ್ತೆರಡರ ಹತ್ತಿರ.

ಹತ್ತು ವರ್ಷ, ನಾಲ್ಕು ಸಣ್ಣ ಕೆಲಸ

1949ರಲ್ಲಿ ಆಟ ನಿಲ್ಲಿಸಿ ಮ್ಯಾನೇಜರ್ ಆದರು. ನೇರವಾಗಿ ದೊಡ್ಡ ಕುರ್ಚಿ ಸಿಗಲಿಲ್ಲ. ಕಾರ್ಲೈಲ್, ಗ್ರಿಮ್ಸ್‌ಬಿ ಟೌನ್, ವರ್ಕಿಂಗ್‌ಟನ್, ಹಡರ್ಸ್‌ಫೀಲ್ಡ್ ಟೌನ್. ಹತ್ತು ವರ್ಷದಲ್ಲಿ ನಾಲ್ಕು ಕ್ಲಬ್. ಎಲ್ಲ ಕಡೆ ಒಂದೇ ಸಮಸ್ಯೆ, ಆಡಳಿತದವರ ಕೈಯಲ್ಲಿ ದುಡ್ಡಿಲ್ಲ.

ಆದರೆ ಮೈದಾನ ಚಿಕ್ಕದು ಎಂದು ಶ್ಯಾಂಕ್ಲಿ ಎಲ್ಲಿಯೂ ಕೆಲಸ ಚಿಕ್ಕದು ಮಾಡಲಿಲ್ಲ. ಕಾರ್ಲೈಲ್‌ನಲ್ಲಿ ಪಂದ್ಯಕ್ಕೆ ಮುಂಚೆ ಮೈಕ್ ಹಿಡಿದು ತಂಡದಲ್ಲಿ ಏನು ಬದಲಾವಣೆ, ಯಾಕೆ ಎಂದು ಪ್ರೇಕ್ಷಕರಿಗೆ ತಾವೇ ವಿವರಿಸುತ್ತಿದ್ದರು. ಟಿಕೆಟ್ ಕೊಂಡು ಬಂದವರಿಗೆ ಅಷ್ಟು ತಿಳಿಯುವ ಹಕ್ಕಿದೆ ಎಂಬುದು ಅವರ ನಂಬಿಕೆ. ವರ್ಕಿಂಗ್‌ಟನ್‌ನಲ್ಲಿ ಫೋನ್ ಎತ್ತುವುದು, ಪತ್ರ ಟೈಪ್ ಮಾಡುವುದು ಕೂಡ ಮ್ಯಾನೇಜರ್ ಕೆಲಸವೇ. ಅಲ್ಲಿನ ಬರೋ ಪಾರ್ಕ್ ಮೈದಾನದಲ್ಲಿ ರಗ್ಬಿ ತಂಡವೂ ಆಡುತ್ತಿತ್ತು. ಭಾರೀ ದೇಹದವರು ಹುಲ್ಲನ್ನು ಕಿತ್ತು ಹಾಕುವುದು ನೋಡಿ ಇವರಿಗೆ ಸಂಕಟ. ಚೆಂಡನ್ನು ನೆಲದ ಮೇಲೆ ಪಾಸ್ ಮಾಡಿ ಆಡಬೇಕೆನ್ನುವ ಮನುಷ್ಯನಿಗೆ ನೆಲ ಸಮತಟ್ಟಾಗಿರುವುದು ಅಲಂಕಾರವಲ್ಲ, ಅಗತ್ಯ. ಹಡರ್ಸ್‌ಫೀಲ್ಡ್‌ನಲ್ಲಿದ್ದಾಗ ಹದಿನಾರು ವರ್ಷದ ಸ್ಕಾಟಿಷ್ ಹುಡುಗ ಡೆನಿಸ್ ಲಾನನ್ನು ಮೊದಲ ಬಾರಿ ಕಣಕ್ಕಿಳಿಸಿದರು. ಮುಂದೆ ಆತ ಯುರೋಪಿನ ಶ್ರೇಷ್ಠ ಆಟಗಾರರಲ್ಲಿ ಒಬ್ಬನಾದ.

ನೀರಿಲ್ಲದ ಆ್ಯನ್‌ಫೀಲ್ಡ್

1959ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ಸೇರಿದಾಗ ಅದು ಎರಡನೇ ಡಿವಿಜನ್‌ನಲ್ಲಿ ಬಿದ್ದಿದ್ದ ಕ್ಲಬ್. ಆ್ಯನ್‌ಫೀಲ್ಡ್‌ನ ಹುಲ್ಲಿಗೆ ನೀರು ಹಾಯಿಸುವ ವ್ಯವಸ್ಥೆ ಕೂಡ ಇರಲಿಲ್ಲ. ತರಬೇತಿ ನಡೆಯುತ್ತಿದ್ದ ಮೆಲ್‌ವುಡ್ ಮೈದಾನದಲ್ಲಿ ಪೊದೆ ಬೆಳೆದಿತ್ತು. ಶ್ಯಾಂಕ್ಲಿ ಮೊದಲು ಕೈ ಹಾಕಿದ ಕೆಲಸಗಳಲ್ಲಿ ನೆಲದ್ದೂ ಒಂದು. ಹಟ ಹಿಡಿದು 3,000 ಪೌಂಡ್ ಖರ್ಚು ಮಾಡಿಸಿ ಆ್ಯನ್‌ಫೀಲ್ಡ್‌ಗೆ ನೀರು ತರಿಸಿದರು. ಮೆಲ್‌ವುಡ್ ಸ್ವಚ್ಛವಾಯಿತು. ಕೈಲಾಗದ 24 ಆಟಗಾರರನ್ನು ಬಿಟ್ಟುಕೊಟ್ಟರು. ಆದರೆ ಮೊದಲಿನಿಂದ ಇದ್ದ ತರಬೇತುದಾರರಾದ ಬಾಬ್ ಪೈಸ್ಲಿ, ಜೋ ಫೇಗನ್, ರೂಬೆನ್ ಬೆನೆಟ್ ಅವರನ್ನು ಕೆಲಸದಿಂದ ತೆಗೆಯಲಿಲ್ಲ. ಹೊಸ ಸಾಹೇಬ ಬಂದರೆ ಹಳಬರಿಗೆ ಗೇಟ್ ಪಾಸ್ ಎನ್ನುವ ಪದ್ಧತಿ ಆಗಲೂ ಇತ್ತು. ಅದನ್ನು ಅವರು ಪಾಲಿಸಲಿಲ್ಲ. ಆಟಗಾರರ ಬೂಟು ಇಡುವ ಸಣ್ಣ ಕೋಣೆಯಲ್ಲಿ ಇವರೆಲ್ಲ ಕುಳಿತು ಮುಂದಿನ ಪಂದ್ಯದ ಲೆಕ್ಕ ಹಾಕುತ್ತಿದ್ದರು.

1961ರಲ್ಲಿ ಸ್ಕಾಟ್ಲೆಂಡಿನಿಂದ ರಾನ್ ಯೇಟ್ಸ್, ಇಯಾನ್ ಸೇಂಟ್ ಜಾನ್ ಬಂದರು. 1962ರಲ್ಲಿ ಲಿವರ್‌ಪೂಲ್ ಮೊದಲ ಡಿವಿಜನ್‌ಗೆ ಏರಿತು. ಅದೇ ಬೇಸಿಗೆಯ ಹೊತ್ತಿಗೆ ಅಣ್ಣ ಬಾಬ್ ಮ್ಯಾನೇಜರ್ ಆಗಿದ್ದ ಡಂಡೀ ಕ್ಲಬ್ ಸ್ಕಾಟ್ಲೆಂಡಿನ ಲೀಗ್ ಗೆದ್ದಿತು. ಒಂದೇ ಗಣಿಯಲ್ಲಿ ದುಡಿದಿದ್ದ ಇಬ್ಬರು ಅಣ್ಣತಮ್ಮಂದಿರು! 1964, 1966, 1973ರಲ್ಲಿ ಲಿವರ್‌ಪೂಲ್ ಲೀಗ್ ಚಾಂಪಿಯನ್. 1965ರಲ್ಲಿ ಕ್ಲಬ್ ಇತಿಹಾಸದ ಮೊದಲ ಎಫ್.ಎ. ಕಪ್. 1973ರಲ್ಲಿ ಯುಇಎಫ್‌ಎ ಕಪ್.

ಆ್ಯನ್‌ಫೀಲ್ಡ್‌ನ ಒಂದು ತುದಿಯಲ್ಲಿ ಕಾಪ್ ಎಂಬ ದೊಡ್ಡ ಇಳಿಜಾರು. ದಕ್ಷಿಣ ಆಫ್ರಿಕಾದ ಸ್ಪಿಯಾನ್ ಕಾಪ್ ಗುಡ್ಡದ ಹೆಸರು ಅದಕ್ಕೆ. 1900ರಲ್ಲಿ ಅಲ್ಲಿ ನಡೆದ ಯುದ್ಧದಲ್ಲಿ ಗಾಂಧೀಜಿ ಮತ್ತು ಅವರ ಭಾರತೀಯ ತಂಡ ಗಾಯಾಳುಗಳನ್ನು ಹೊತ್ತು ಸಾಗಿಸಿತ್ತು. ಶ್ಯಾಂಕ್ಲಿ ಕಾಲದ ಕಾಪ್‌ನಲ್ಲಿ 20 ಸಾವಿರಕ್ಕೂ ಹೆಚ್ಚು ಜನ ನಿಂತೇ ಪಂದ್ಯ ನೋಡುತ್ತಿದ್ದರು. ಹಡಗುಕಟ್ಟೆಯ ಕೂಲಿಗಳು, ಕಾರ್ಖಾನೆಯವರು. ಗ್ಲೆನ್‌ಬಕ್‌ನ ದಿಬ್ಬದ ಮೇಲೆ ನಿಲ್ಲುತ್ತಿದ್ದ ಜನರದೇ ದೊಡ್ಡ ರೂಪ. ಅಭಿಮಾನಿಗಳ ಪತ್ರಗಳಿಗೆ ಶ್ಯಾಂಕ್ಲಿ ಹಳೆಯ ಟೈಪ್‌ರೈಟರ್‌ನಲ್ಲಿ ತಾವೇ ಉತ್ತರ ಕುಟ್ಟುತ್ತಿದ್ದರು. ಪ್ರೇಕ್ಷಕರ ಸಂಖ್ಯೆ ನೂರರಿಂದ ಐವತ್ತು ಸಾವಿರಕ್ಕೆ ಬೆಳೆದರೂ ಅವರ ಲೆಕ್ಕದಲ್ಲಿ ಅದು ಅಂಕಿ ಆಗಲಿಲ್ಲ, ಮುಖಗಳೇ ಆಗಿ ಉಳಿದವು.

ಬಿಟ್ಟ ಮೇಲೆ

1974ರ ಮೇ ತಿಂಗಳಲ್ಲಿ ಲಿವರ್‌ಪೂಲ್ ಮತ್ತೊಮ್ಮೆ ಎಫ್.ಎ. ಕಪ್ ಗೆದ್ದಿತು. ಜುಲೈ 12ರಂದು ಅವರು ರಾಜೀನಾಮೆ ಪ್ರಕಟಿಸಿದರು. ವಯಸ್ಸು ಅರವತ್ತು. ದಣಿದಿದ್ದರು, ಪತ್ನಿ ನೆಸ್ಸಿಗೆ ಸಮಯ ಕೊಡಬೇಕಿತ್ತು. ಊರಿಗೆ ಊರೇ ನಂಬಲಿಲ್ಲ. ಪೈಸ್ಲಿ ಹೊಸ ಮ್ಯಾನೇಜರ್ ಆದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಸುಖಾಂತ್ಯ ಅನ್ನಬಹುದಿತ್ತು. ಆದರೆ ಕೆಲಸ ಬಿಟ್ಟ ಶ್ಯಾಂಕ್ಲಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಬೆಳಿಗ್ಗೆ ಮೆಲ್‌ವುಡ್‌ಗೆ ಹೋಗಿ ಆಟಗಾರರ ಜೊತೆ ಓಡತೊಡಗಿದರು. ಆಟಗಾರರು ಹಳೆಯ ಅಭ್ಯಾಸದಂತೆ ಅವರನ್ನೇ ಬಾಸ್ ಎಂದು ಕರೆದರು. ಒಂದೇ ಮನೆಗೆ ಇಬ್ಬರು ಯಜಮಾನರು ಹೇಗೆ ಸಾಧ್ಯ? ಕ್ಲಬ್ಬಿಗೆ ಮುಜುಗರ, ಅವರಿಗೆ ನೋವು. ಕೊನೆಗೆ ಅಲ್ಲಿಗೆ ಹೋಗುವುದು ನಿಂತಿತು. ಎದುರಾಳಿ ಕ್ಲಬ್ ಎವರ್ಟನ್‌ನ ತರಬೇತಿ ಮೈದಾನದಲ್ಲಿ ಅವರಿಗೆ ಸ್ವಾಗತ ಸಿಕ್ಕಿತು. ಮನೆಯ ಹತ್ತಿರದ ಬಯಲಲ್ಲಿ ಕೇರಿಯ ಮಕ್ಕಳ ಜೊತೆಯೂ ಆಡುತ್ತಿದ್ದರು. 1981ರ ಸೆಪ್ಟೆಂಬರ್ 29ರಂದು, 68ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಮರುವರ್ಷ ಆ್ಯನ್‌ಫೀಲ್ಡ್‌ನ ದ್ವಾರವೊಂದಕ್ಕೆ ಅವರ ಹೆಸರಿಡಲಾಯಿತು. 1997ರಲ್ಲಿ ಪ್ರತಿಮೆಯೂ ಬಂತು.

ಗ್ಲೆನ್‌ಬಕ್ ಏನಾಯಿತು? ಕೆಲಸವಿಲ್ಲದೆ ಜನ ಊರು ಬಿಟ್ಟರು. ಆಮೇಲೆ ಮೇಲಿನ ಮಣ್ಣನ್ನೇ ಬಗೆದು ಕಲ್ಲಿದ್ದಲು ತೆಗೆಯುವ ಗಣಿಗಾರಿಕೆ ಬಂದು ಅಳಿದುಳಿದದ್ದನ್ನೂ ನುಂಗಿತು. ಇಂದು ಅಲ್ಲಿ ಶ್ಯಾಂಕ್ಲಿ ಹೆಸರಿನ ಸ್ಮಾರಕ ಶಿಲೆ ಇದೆ. ದೂರದ ಊರುಗಳಿಂದ ಬಂದವರು ಅದರ ಮುಂದೆ ಕೆಂಪು ಸ್ಕಾರ್ಫ್ ಇಟ್ಟು ಹೋಗುತ್ತಾರೆ.

ಆದರೆ ಆ ಸೀಮೆಯ ಸಣ್ಣ ಕ್ಲಬ್‌ಗಳೆಲ್ಲ ಸಾಯಲಿಲ್ಲ. 1951ರಲ್ಲಿ ಗ್ಲಾಸ್ಗೋದ ಹ್ಯಾಂಪ್ಡನ್ ಪಾರ್ಕ್‌ನಲ್ಲಿ ನಡೆದ ಜೂನಿಯರ್ ಕಪ್ ಫೈನಲ್ ನೋಡಲು 77,650 ಜನ ಸೇರಿದ್ದರು. ಆ ಸಂಖ್ಯೆ ಈಗ ಕನಸು. ಆದರೂ 2019ರಲ್ಲಿ ಕ್ರೊನ್‌ಬೆರಿಯ ಪಕ್ಕದ ಊರಿನ ಜೂನಿಯರ್ ತಂಡ ಆಕಿನ್‌ಲೆಕ್ ಟಾಲ್ಬಟ್, ತನ್ನದೇ ಮೈದಾನದಲ್ಲಿ ವೃತ್ತಿಪರ ಐರ್ ಯುನೈಟೆಡ್ ತಂಡವನ್ನು ಸ್ಕಾಟಿಷ್ ಕಪ್‌ನಿಂದ ಹೊರಹಾಕಿತು. ಅದೂ ಗಣಿಯೂರೇ.

ಶ್ಯಾಂಕ್ಲಿ ಬದುಕಿನಿಂದ ನನಗೆ ಕಾಣುವುದು ಎರಡು ಸಂಗತಿ. ಕೆಲಸವೇ ಸರ್ವಸ್ವ ಆದವನಿಗೆ ಅದನ್ನು ಬಿಡುವ ದಿನ ತುಂಬ ಕಷ್ಟ, ಅದಕ್ಕೂ ಮೊದಲೇ ಮನಸ್ಸು ಸಿದ್ಧವಾಗಿರಬೇಕು. ಇನ್ನೊಂದು, ನಮಗೆ ಈಗಲೇ ಬೇಕಾದದ್ದು. ಸಿಗುವ ಮೊದಲ ಕೆಲಸ ಆ್ಯನ್‌ಫೀಲ್ಡ್ ಆಗಿರುವುದಿಲ್ಲ. ಕ್ರೊನ್‌ಬೆರಿಯೋ ವರ್ಕಿಂಗ್‌ಟನ್ನೋ ಆಗಿರುತ್ತದೆ. ಸಂಬಳ ಕಡಿಮೆ, ಫೋನ್ ಎತ್ತುವುದೂ ನಾವೇ, ನೋಡುವವರು ನಾಲ್ಕು ಜನ. ಆ ನಾಲ್ಕು ಜನ ನಮ್ಮನ್ನು ನಂಬಿ ಬಂದವರು ಎಂದುಕೊಂಡು ಮಾಡಿದರೆ ಅಲ್ಲಿ ಕಲಿತದ್ದು ಎಲ್ಲಿಗೆ ಹೋದರೂ ಕೈ ಬಿಡುವುದಿಲ್ಲ. ಶ್ಯಾಂಕ್ಲಿಯವರಿಗೆ ಲಿವರ್‌ಪೂಲ್ ಸಿಕ್ಕಾಗ ವಯಸ್ಸು ನಲವತ್ತಾರು.